ಅರ್ಥಶಾಸ್ತ್ರವೋ, ಬಿಸಿನೆಸ್ಸೋ, ಅಕೌಂಟಿಂಗೋ? ಪದವಿ ಆರಿಸುವ ಮುನ್ನ ಎರಡನೇ ವರ್ಷದ ಸಿಲಬಸ್ ಓದಿ

ಬಿ.ಕಾಂ. ಎಂಬ ಹೆಸರಿಗೆ ಎಲ್ಲ ಕಡೆಯೂ ಒಂದೇ ಅರ್ಥವಿಲ್ಲ. ಭಾರತದಲ್ಲಿ ಅದು ಬಹುಪಾಲು ಲೆಕ್ಕಪತ್ರ, ತೆರಿಗೆ, ಕಂಪನಿ ಕಾನೂನುಗಳ ಪದವಿ. ಕೆನಡಾದಲ್ಲಿ ಅದೇ ಹೆಸರಿನಲ್ಲಿ ಮಾರ್ಕೆಟಿಂಗ್‌ನಿಂದ ಹಿಡಿದು ಮಾನವ ಸಂಪನ್ಮೂಲದವರೆಗೆ ಎಲ್ಲವನ್ನೂ ಕಲಿಸುವ ಬಿಸಿನೆಸ್ ಪದವಿ ಸಿಗುತ್ತದೆ. ಆಸ್ಟ್ರೇಲಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಬಿ.ಕಾಂ. ಸೇರಿ ಅರ್ಥಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಬಹುದು. ಅರ್ಥಶಾಸ್ತ್ರದ ಹಣೆಬರಹವೂ ಹೀಗೆಯೇ. ಬಿ.ಎ. ಎಂದರೆ ಗಣಿತ ಕಡಿಮೆ, ಬಿ.ಎಸ್ಸಿ. ಎಂದರೆ ಜಾಸ್ತಿ ಎಂಬ ನಂಬಿಕೆ ಕೆಲವು ಕಡೆ ನಿಜ. ಆದರೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿ ಬಿ.ಎ.ಯೇ, ಅದರಲ್ಲಿ ಗಣಿತದಿಂದ ತಪ್ಪಿಸಿಕೊಳ್ಳುವ ದಾರಿ ಮಾತ್ರ ಇಲ್ಲ.

ಹಾಗಾಗಿ ಹೆಸರನ್ನು ಬದಿಗಿಟ್ಟು ಎರಡನೇ ವರ್ಷದ ಕಡ್ಡಾಯ ವಿಷಯಗಳ ಪಟ್ಟಿ ತೆಗೆದುಕೊಳ್ಳಿ. ಮೊದಲ ವರ್ಷ ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ಮೈಕ್ರೋ (ಗ್ರಾಹಕ, ಸಂಸ್ಥೆ, ಬೆಲೆಗಳ ಅರ್ಥಶಾಸ್ತ್ರ), ಮ್ಯಾಕ್ರೋ (ಇಡೀ ದೇಶದ ಆರ್ಥಿಕತೆಯದ್ದು), ಒಂದಿಷ್ಟು ಸಂಖ್ಯಾಶಾಸ್ತ್ರ, ಲೆಕ್ಕಪತ್ರದ ಪರಿಚಯ. ಕೊನೆಯ ವರ್ಷ ಐಚ್ಛಿಕ ವಿಷಯಗಳ ಜಾತ್ರೆ. ಪ್ರಚಾರದ ಪುಸ್ತಿಕೆಯಲ್ಲಿ ದೊಡ್ಡಕ್ಷರದಲ್ಲಿ ಬರುವುದು ಅದೇ, ಅದರಲ್ಲಿ ಅರ್ಧ ವಿಷಯಗಳು ಆ ವರ್ಷ ನಡೆಯುವುದೇ ಇಲ್ಲ. ವಿಭಾಗ ತನ್ನ ವಿದ್ಯಾರ್ಥಿಗೆ ಏನು ಗೊತ್ತಿರಲೇಬೇಕು ಎಂದುಕೊಂಡಿದೆ ಎಂಬುದು ಹೊರಬೀಳುವುದು ಎರಡನೇ ವರ್ಷದಲ್ಲಿ. ಅಲ್ಲಿ ಕ್ಯಾಲ್ಕುಲಸ್ ಬಳಸುವ ಮೈಕ್ರೋ ಮತ್ತು ಎಕನಾಮೆಟ್ರಿಕ್ಸ್ (ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ವಿಷಯ) ಕಡ್ಡಾಯವಿದ್ದರೆ ಅದು ಒಂದು ಜಾತಿಯ ಪದವಿ. ಅವೆರಡೂ ಇಲ್ಲದೆ ಸಂಸ್ಥೆಯ ನಡವಳಿಕೆ, ವ್ಯವಹಾರ ಕಾನೂನು, ಕಾರ್ಯಾಚರಣೆ ಇದ್ದರೆ ಬೇರೆಯೇ ಜಾತಿ.

ಒಂದು ಚೀಲದ ಕಾರ್ಖಾನೆ, ನಾಲ್ಕು ಪ್ರಶ್ನೆಪತ್ರಿಕೆ

ಈ ವಿಷಯಗಳ ವ್ಯತ್ಯಾಸವನ್ನು ವ್ಯಾಖ್ಯಾನಗಳಿಂದ ತಿಳಿಯುವುದು ಕಷ್ಟ, ಲೆಕ್ಕದಿಂದ ಸುಲಭ. ಒಂದು ಸಣ್ಣ ಕಾರ್ಖಾನೆ ತಿಂಗಳಿಗೆ 2,000 ಬಟ್ಟೆಚೀಲ ಹೊಲಿದು ಮಾರುತ್ತದೆ ಎನ್ನೋಣ. ಚೀಲದ ಬೆಲೆ 50. ಬಟ್ಟೆ, ದಾರ, ಹೊಲಿಗೆ ಕೂಲಿ ಸೇರಿ ಒಂದಕ್ಕೆ ಬೀಳುವ ಖರ್ಚು 30. ಬಾಡಿಗೆ, ಮೇಲ್ವಿಚಾರಕರ ಸಂಬಳ ಎಲ್ಲ ಸೇರಿ ತಿಂಗಳಿಗೆ 20,000. ಚೀಲ ಹೊಲಿದರೂ ಹೊಲಿಯದಿದ್ದರೂ ಅದು ತಪ್ಪದು. ಹಣ ಯಾವ ದೇಶದ್ದಾದರೂ ಇಟ್ಟುಕೊಳ್ಳಿ. ಈಗ ಹೊಸ ಗಿರಾಕಿಯೊಬ್ಬರು ಬಂದು, ತಲಾ 38ರಂತೆ 300 ಚೀಲ ಕೊಡುತ್ತೀರಾ ಎಂದು ಕೇಳುತ್ತಾರೆ.

ಅಕೌಂಟಿಂಗ್ ಪರೀಕ್ಷೆಯಲ್ಲಿ ಮೊದಲ ವರ್ಷದ ವಿದ್ಯಾರ್ಥಿ 20,000ವನ್ನು 2,000 ಚೀಲಕ್ಕೆ ಹಂಚಿ, ತಲಾ 10 ಸೇರಿಸಿ, ಒಂದರ ವೆಚ್ಚ 40 ಎಂದು ಬರೆಯುತ್ತಾನೆ. 38ಕ್ಕೆ ಕೊಟ್ಟರೆ ಚೀಲಕ್ಕೆ 2 ನಷ್ಟ, ಆರ್ಡರ್ ಬೇಡ. ಎರಡನೇ ವರ್ಷದ ವೆಚ್ಚ ಲೆಕ್ಕಶಾಸ್ತ್ರ ಈ ಉತ್ತರವನ್ನು ಕೆಂಪು ಶಾಯಿಯಲ್ಲಿ ಹೊಡೆಯುತ್ತದೆ. ಬಾಡಿಗೆ ಹೇಗೂ ಕಟ್ಟಲೇಬೇಕು, ಹೊಸ ಆರ್ಡರ್‌ನಿಂದ ಹೆಚ್ಚುವ ಖರ್ಚು 30 ಮಾತ್ರ. ಚೀಲಕ್ಕೆ 8ರಂತೆ 2,400 ಉಳಿಯುತ್ತದೆ. ಅದಕ್ಕೊಂದು ಷರತ್ತುಂಟು: ಯಂತ್ರಗಳಿಗೆ ಬಿಡುವಿರಬೇಕು. ಬಿಡುವಿಲ್ಲದೆ ಹಳೆಯ ಗಿರಾಕಿಗಳ 300 ಚೀಲ ಕೈಬಿಡಬೇಕಾದರೆ ಹೋಗುವುದು 6,000, ಬರುವುದು 2,400.

ಮೈಕ್ರೋ ಪರೀಕ್ಷೆ ಇದೇ ಕಾರ್ಖಾನೆಯ ಬೆಲೆಯನ್ನು 50ರಿಂದ 55ಕ್ಕೆ ಏರಿಸುತ್ತದೆ. ಮಾರಾಟ 2,000ದಿಂದ 1,700ಕ್ಕೆ ಇಳಿಯುತ್ತದೆ. ಬೆಲೆ 10 ಶೇಕಡಾ ಏರಿತು, ಬೇಡಿಕೆ 15 ಶೇಕಡಾ ಇಳಿಯಿತು, ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ, ಅಂದರೆ ಸ್ಥಿತಿಸ್ಥಾಪಕತ್ವ, 1.5. ಮಾರಾಟದ ಹಣ 1,00,000ದಿಂದ 93,500ಕ್ಕೆ ಕುಸಿಯಿತು. ಅರ್ಧ ತರಗತಿ ಇಲ್ಲಿಗೇ ಪೆನ್ನು ಕೆಳಗಿಟ್ಟು, ಬೇಡಿಕೆ ಸ್ಥಿತಿಸ್ಥಾಪಕ, ಬೆಲೆ ಏರಿಸಬಾರದು ಎಂದು ಬರೆದು ಅಂಕ ಕಳೆದುಕೊಳ್ಳುತ್ತದೆ. ಲಾಭ ನೋಡಿ: ಮೊದಲು 20ರಂತೆ 2,000 ಚೀಲಕ್ಕೆ 40,000, ಅದರಲ್ಲಿ 20,000 ಕಳೆದರೆ 20,000. ಈಗ 25ರಂತೆ 1,700 ಚೀಲಕ್ಕೆ 42,500, ಕಳೆದರೆ 22,500. ಮಾರಾಟ ಇಳಿದಿದೆ, ಲಾಭ ಏರಿದೆ. ಇದಾದ ಮೇಲೆ ಅರ್ಥಶಾಸ್ತ್ರಜ್ಞ ಕೇಳುವ ಪ್ರಶ್ನೆ ಇನ್ನೂ ಕಿರಿಕಿರಿಯದ್ದು: ಆ 300 ಚೀಲ ಕಡಿಮೆಯಾದದ್ದು ಬೆಲೆಯಿಂದಲೋ, ಅಥವಾ ಆ ತಿಂಗಳು ಮಾರುಕಟ್ಟೆಯೇ ತಣ್ಣಗಿತ್ತೋ? ಎಕನಾಮೆಟ್ರಿಕ್ಸ್ ಶುರುವಾಗುವುದು ಇಲ್ಲಿಂದ.

ಮಾರ್ಕೆಟಿಂಗ್ ಪರೀಕ್ಷೆಗೆ ಬಿಟ್ಟುಹೋದ ಗಿರಾಕಿಗಳು ಯಾರು ಎಂಬುದೇ ಮುಖ್ಯ. ಹೊಸಬರಿಗೆ 38ಕ್ಕೆ ಕೊಟ್ಟದ್ದು ಹಳಬರ ಕಿವಿಗೆ ಬಿದ್ದರೆ ಏನಾದೀತು, ಅದು ಬೀಳದಂತೆ ಬಣ್ಣ, ಅಳತೆ, ಹೆಸರು ಯಾವುದನ್ನು ಬದಲಿಸಬೇಕು? ಉತ್ತರ ಮೂರು ಪುಟದ ಬರಹ. ಅಂಕ ಬೀಳುವುದು ತರ್ಕಕ್ಕೆ ಮತ್ತು ತೋರಿಸಿದ ಸಾಕ್ಷ್ಯಕ್ಕೆ. ಫೈನಾನ್ಸ್ ಪರೀಕ್ಷೆ ಹಣ ಯಾವಾಗ ಕೈಸೇರುತ್ತದೆ ಎಂದು ಕೇಳುತ್ತದೆ. ಇವತ್ತು 9,000 ಸುರಿದು ಮೂರು ತಿಂಗಳ ಮೇಲೆ 11,400 ಎಣಿಸುವುದಾದರೆ ಸರಿ. ಆದರೆ ಇಂಥ ನಾಲ್ಕು ಗಿರಾಕಿಗಳಲ್ಲಿ ಒಬ್ಬರು ಕೈಕೊಡುತ್ತಾರೆ ಎಂದಾದರೆ ನಿರೀಕ್ಷಿತ ವಸೂಲಿ 8,550. ಲಾಭದ ಆರ್ಡರ್ ನಷ್ಟದ್ದಾಯಿತು.

ಇವುಗಳಲ್ಲಿ ಯಾವ ಲೆಕ್ಕವನ್ನು ಓದುವಾಗ ಮುಂದೇನು ಎಂದು ಅನಿಸಿತು, ಯಾವುದನ್ನು ಹಾರಿಸಿ ಓದಿದಿರಿ ಎಂಬುದನ್ನು ಗಮನಿಸಿ. ಅಭಿರುಚಿ ಪರೀಕ್ಷೆಯ ಹೆಸರಿನಲ್ಲಿ ಹಣ ಕೊಟ್ಟು ಬರೆಯುವ ಪ್ರಶ್ನಾವಳಿಗಳಿಗಿಂತ ಇದನ್ನೇ ಹೆಚ್ಚು ನಂಬಬಹುದು.

ಅರ್ಥಶಾಸ್ತ್ರ: ಕೊಂಡಿ ತಪ್ಪಿದರೆ ವರ್ಷವೇ ತಪ್ಪುತ್ತದೆ

ಅರ್ಥಶಾಸ್ತ್ರ ಪದವಿಯ ವಿಷಯಗಳು ಒಂದರ ಹೆಗಲ ಮೇಲೊಂದು ನಿಂತಿವೆ. ಕ್ಯಾಲ್ಕುಲಸ್ ಪಾಸಾಗದೆ ಮಧ್ಯಮ ಹಂತದ ಮೈಕ್ರೋ ಇಲ್ಲ. ಸಂಖ್ಯಾಶಾಸ್ತ್ರ ಪಾಸಾಗದೆ ಎಕನಾಮೆಟ್ರಿಕ್ಸ್ ಇಲ್ಲ. ಇವೆರಡಿಲ್ಲದೆ ಕಾರ್ಮಿಕ ಅರ್ಥಶಾಸ್ತ್ರ, ಸಾರ್ವಜನಿಕ ಹಣಕಾಸು, ಅಂತರರಾಷ್ಟ್ರೀಯ ವ್ಯಾಪಾರದ ಮೇಲಿನ ಹಂತದ ವಿಷಯಗಳಿಲ್ಲ. ಎಕನಾಮೆಟ್ರಿಕ್ಸ್ ಇಲ್ಲದೆ ಕೊನೆಯ ವರ್ಷದ ಪ್ರಬಂಧಕ್ಕೆ ದತ್ತಾಂಶ ಮುಟ್ಟುವಂತಿಲ್ಲ. ಮೂರು ವರ್ಷದ ಪದವಿಯಲ್ಲಿ ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್ ಬಿಟ್ಟುಹೋದರೆ, ಆ ವಿಷಯ ವರ್ಷಕ್ಕೊಮ್ಮೆ ಮಾತ್ರ ನಡೆಯುವ ಕಡೆ, ಇಡೀ ಸರಪಳಿ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಒಂದು ವಿಷಯ ಹೋದದ್ದಕ್ಕೆ ಪದವಿಗೇ ನಾಲ್ಕನೇ ವರ್ಷ ಬೇಕಾಗಿ ಬರುವುದು ಹೀಗೆ.

ಗಣಿತ ಎಷ್ಟು ಎಂಬ ಪ್ರಶ್ನೆಗೆ ನೇರ ಉತ್ತರ: ಅವಕಲನ, ಭಾಗಶಃ ಅವಕಲನ, ನಿರ್ಬಂಧದೊಳಗೆ ಗರಿಷ್ಠ ಹುಡುಕುವ ಲಗ್ರಾಂಜ್ ವಿಧಾನ, ಸಂಭವನೀಯತೆ, ಒಂದಿಷ್ಟು ಮ್ಯಾಟ್ರಿಕ್ಸ್. ಇಷ್ಟರಲ್ಲಿ ಸಾಮಾನ್ಯ ಪದವಿ ಮುಗಿಯುತ್ತದೆ. ಕಷ್ಟ ಸೂತ್ರದ್ದಲ್ಲ, ಸೂತ್ರ ಯಾವಾಗ ನಡೆಯದು ಎಂಬುದರದ್ದು. ಒಬ್ಬ ಗ್ರಾಹಕನ ಬಳಿ 100 ಇದೆ, ಒಂದು ವಸ್ತುವಿನ ಬೆಲೆ 2, ಇನ್ನೊಂದರದ್ದು 1. ಅವನ ತೃಪ್ತಿ ಎರಡು ಪ್ರಮಾಣಗಳ ಗುಣಲಬ್ಧವಾದರೆ ಅವಕಲನ ಮಾಡಿ ಸಲೀಸಾಗಿ 25 ಮತ್ತು 50 ಎಂದು ಉತ್ತರ ಬರುತ್ತದೆ. ಗುಣಲಬ್ಧದ ಬದಲು ಮೊತ್ತ ಎಂದು ಪ್ರಶ್ನೆ ಬದಲಿಸಿ ನೋಡಿ. ಅದೇ ವಿಧಾನ ಹಿಡಿದವರು ಪುಟಗಟ್ಟಲೆ ಗೀಚುತ್ತಾರೆ. ಉತ್ತರ ಒಂದೇ ಸಾಲು, ಅಗ್ಗದ್ದನ್ನೇ 100 ಕೊಳ್ಳುತ್ತಾನೆ. ಬಾಯಿಪಾಠದವರು ಮಧ್ಯಮ ಮೈಕ್ರೋದಲ್ಲಿ ಮುಗ್ಗರಿಸುವುದು ಇಂಥಲ್ಲಿ.

ಎಕನಾಮೆಟ್ರಿಕ್ಸ್ ಈ ಪದವಿಯ ನಿಜವಾದ ಬಂಡವಾಳ. ಟ್ಯೂಷನ್‌ಗೆ ಹೋಗುವ ಗಂಟೆಗಳನ್ನೂ ಅಂಕಗಳನ್ನೂ ಗ್ರಾಫಿನಲ್ಲಿ ಇಟ್ಟರೆ, ಹೆಚ್ಚು ಟ್ಯೂಷನ್ ಪಡೆದವರ ಅಂಕ ಕಡಿಮೆ ಎಂದು ಬರಬಹುದು. ಟ್ಯೂಷನ್ ಕೆಟ್ಟದ್ದು ಎಂದಲ್ಲ, ಹಿಂದುಳಿದವರೇ ಹೆಚ್ಚು ಟ್ಯೂಷನ್‌ಗೆ ಹೋಗುತ್ತಾರೆ ಎಂದು. ಇಂಥ ಬಲೆಯಿಂದ ಕಾರಣವನ್ನು ಬಿಡಿಸಿಕೊಳ್ಳುವುದೇ ಈ ವಿಷಯದ ಕಸುಬು. 1992ರಲ್ಲಿ ನ್ಯೂಜೆರ್ಸಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರ್‌ನಿಂದ 5.05ಕ್ಕೆ ಏರಿಸಿದಾಗ, ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಅಂಗಡಿಗಳನ್ನು ಕೂಲಿ ಏರದ ಪಕ್ಕದ ಪೂರ್ವ ಪೆನ್ಸಿಲ್ವೇನಿಯಾದ ಅಂಗಡಿಗಳ ಜೊತೆ ಹೋಲಿಸಿದರು. ಕೆಲಸಗಳು ಕಡಿಮೆಯಾದದ್ದು ಕಾಣಲಿಲ್ಲ. ಆ ಫಲಿತಾಂಶದ ಮೇಲಿನ ಜಗಳ ಇನ್ನೂ ಮುಗಿದಿಲ್ಲ, ಆದರೆ ಹೋಲಿಕೆಯ ಆ ವಿಧಾನ ಇವತ್ತು ಪದವಿ ತರಗತಿಯ ಮಾಮೂಲಿ ಪಾಠ. ಕಾರ್ಡ್, ಜೋಶುವಾ ಆಂಗ್ರಿಸ್ಟ್ ಮತ್ತು ಗೈಡೊ ಇಂಬೆನ್ಸ್ 2021ರ ನೊಬೆಲ್ ಪಡೆದದ್ದು ಈ ಬಗೆಯ ಕೆಲಸಕ್ಕೆ. ಪ್ರಯೋಗಶಾಲೆಯಲ್ಲಿ ಸ್ಟಾಟಾ, ಆರ್ ಅಥವಾ ಪೈಥಾನ್ ಎಂಬ ತಂತ್ರಾಂಶ ಬಳಸುತ್ತಾರೆ. ಎಕನಾಮೆಟ್ರಿಕ್ಸ್ ಅನ್ನು ಬರೀ ಬೋರ್ಡಿನ ಮೇಲೆ ಕಲಿಸಿ, ಒಂದೂ ದತ್ತಾಂಶ ಕಡತ ತೆರೆಸದ ವಿಭಾಗವಾದರೆ ಇನ್ನೊಂದನ್ನು ಹುಡುಕಿ.

ಅರ್ಥಶಾಸ್ತ್ರದಲ್ಲೇ ಪಿ.ಎಚ್‌ಡಿ. ಮಾಡುವ ಯೋಚನೆಯಿದ್ದರೆ ಮೇಲಿನ ಗಣಿತ ಸಾಲದು. ಬಹುಚರ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಗಣಿತ ವಿಭಾಗದ ಸಂಭವನೀಯತೆ, ಸಾಧ್ಯವಾದರೆ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್‌ನ ಬುಡವನ್ನು ಸಾಧಿಸಿ ತೋರಿಸುವ ಗಣಿತ) ಕೂಡ ಅಂಕಪಟ್ಟಿಯಲ್ಲಿ ಇರಬೇಕು. ಅರ್ಥಶಾಸ್ತ್ರದ ಇನ್ನೊಂದು ಐಚ್ಛಿಕ ವಿಷಯಕ್ಕಿಂತ ರಿಯಲ್ ಅನಾಲಿಸಿಸ್‌ನಲ್ಲಿ ಬಂದ ಒಳ್ಳೆಯ ಅಂಕವನ್ನು ಪ್ರವೇಶ ಸಮಿತಿಗಳು ಹೆಚ್ಚು ತೂಗುತ್ತವೆ. ಇದು ಬಹಳ ಮಂದಿಗೆ ಕೊನೆಯ ವರ್ಷದಲ್ಲಿ ತಿಳಿಯುತ್ತದೆ. ಆಗ ಆ ವಿಷಯಕ್ಕೆ ಬೇಕಾದ ಹಿಂದಿನ ಎರಡು ವಿಷಯಗಳಿಗೆ ಸಮಯವೇ ಉಳಿದಿರುವುದಿಲ್ಲ.

ಬಿಸಿನೆಸ್ ಪದವಿ: ಅಗಲ ಹೆಚ್ಚು, ಆಳ ನೀವೇ ತೋಡಿಕೊಳ್ಳಬೇಕು

ಬಿ.ಬಿ.ಎ. ಅಥವಾ ಬಿಸಿನೆಸ್ ಅಡ್ಮಿನಿಸ್ಟ್ರೇಷನ್‌ನ ಕಡ್ಡಾಯ ಪಟ್ಟಿ ಉದ್ದವಾಗಿರುತ್ತದೆ: ಆರ್ಥಿಕ ಲೆಕ್ಕಪತ್ರ, ವೆಚ್ಚ ಲೆಕ್ಕ, ಮಾರ್ಕೆಟಿಂಗ್, ಸಂಸ್ಥೆಯ ನಡವಳಿಕೆ, ಕಾರ್ಯಾಚರಣೆ, ವ್ಯವಹಾರ ಕಾನೂನು, ಹಣಕಾಸು, ಮಾಹಿತಿ ವ್ಯವಸ್ಥೆ, ಕೊನೆಗೆ ಎಲ್ಲವನ್ನೂ ಒಟ್ಟು ಹಾಕುವ ತಂತ್ರನೀತಿಯ ವಿಷಯ. ಇವು ಸರಪಳಿಯಲ್ಲ, ಪಕ್ಕಪಕ್ಕದ ಕೋಣೆಗಳು. ಒಂದರಲ್ಲಿ ಎಡವಿದರೂ ಇನ್ನೊಂದರ ಬಾಗಿಲು ಮುಚ್ಚುವುದು ಕಡಿಮೆ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ಏಕೆಂದರೆ ಪ್ರತಿ ಕೋಣೆಯ ಹೊಸ್ತಿಲಲ್ಲೇ ನಿಂತು ಪದವಿ ಮುಗಿಸಿಬಿಡಬಹುದು.

ಬಿಸಿನೆಸ್ ಎಂದರೆ ಬರೀ ಮಾತು ಎನ್ನುವವರು ಕಾರ್ಯಾಚರಣೆಯ ತರಗತಿಯಲ್ಲಿ ಕೂತು ನೋಡಿಲ್ಲ. ಒಂದು ಸೇವಾ ಕೇಂದ್ರಕ್ಕೆ ಗಂಟೆಗೆ 40 ಜನ ಬರುತ್ತಾರೆ, ಪ್ರತಿಯೊಬ್ಬರೂ ಸರಾಸರಿ 15 ನಿಮಿಷ ಒಳಗಿರುತ್ತಾರೆ. ಹಾಗಾದರೆ ಯಾವ ಹೊತ್ತಿಗೆ ನೋಡಿದರೂ ಒಳಗೆ ಸರಾಸರಿ 10 ಜನ. ಇದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ, ಆಸ್ಪತ್ರೆಯ ಹಾಸಿಗೆಗಳಿಂದ ಗೋದಾಮಿನ ದಾಸ್ತಾನಿನವರೆಗೆ ನಡೆಯುತ್ತದೆ. ವಿದ್ಯಾರ್ಥಿಗಳು ತಪ್ಪುವುದು ಏಕಮಾನದಲ್ಲಿ: ಗಂಟೆಯನ್ನೂ ನಿಮಿಷವನ್ನೂ ಹಾಗೇ ಗುಣಿಸಿ ಒಳಗೆ 600 ಜನರನ್ನು ತುಂಬಿಬಿಡುತ್ತಾರೆ.

ಗುಂಪು ಕೆಲಸದ ಬಗ್ಗೆ ಯಾವ ಪುಸ್ತಿಕೆಯೂ ಬಿಡಿಸಿ ಹೇಳುವುದಿಲ್ಲ. ಬಿಸಿನೆಸ್ ವಿಷಯಗಳಲ್ಲಿ ಅಂಕದ ದೊಡ್ಡ ಪಾಲು ಗುಂಪಿನ ವರದಿ ಮತ್ತು ಪ್ರಸ್ತುತಿಗೆ ಹೋಗುವುದುಂಟು. ಐವರ ಗುಂಪಿನಲ್ಲಿ ಇಬ್ಬರು ಬೆವರು ಸುರಿಸಿ, ಒಬ್ಬರು ಸ್ಲೈಡ್ ಮಾಡಿ, ಉಳಿದವರು ಹೆಸರು ಸೇರಿಸುವುದು ಎಲ್ಲೆಡೆ ಕಂಡದ್ದೇ. ಸಿಲಬಸ್‌ನಲ್ಲಿ ಸಹಪಾಠಿಗಳು ಒಬ್ಬರನ್ನೊಬ್ಬರು ಮೌಲ್ಯಮಾಪನ ಮಾಡುವ ವ್ಯವಸ್ಥೆ ಇದೆಯೇ, ಅದರಿಂದ ವೈಯಕ್ತಿಕ ಅಂಕ ನಿಜವಾಗಿ ಬದಲಾಗುತ್ತದೆಯೇ ನೋಡಿ. ಇಲ್ಲದಿದ್ದರೆ ನಿಮ್ಮ ಸರಾಸರಿ ಇನ್ನೊಬ್ಬರ ಸೋಮಾರಿತನದ ಮೇಲೆ ನಿಂತಿರುತ್ತದೆ.

ಈ ಪದವಿಯ ಬೆಲೆ ಹೆಚ್ಚುವುದು ಎರಡರಿಂದ. ಒಂದು, ಇಂಟರ್ನ್‌ಶಿಪ್ ಅಥವಾ ಇಡೀ ವರ್ಷದ ಉದ್ಯೋಗ ತರಬೇತಿ ಪದವಿಯೊಳಗೇ ಸೇರಿರುವುದು. ಐಚ್ಛಿಕವೆಂದು ಬರೆದಿದ್ದರೆ ಜಾಗ ಹುಡುಕುವ ಹೊಣೆ ಬಹುಮಟ್ಟಿಗೆ ನಿಮ್ಮದೇ. ಇನ್ನೊಂದು, ಒಂದೇ ವಿಶೇಷ ವಿಭಾಗದಲ್ಲಿ ಕನಿಷ್ಠ ಐದಾರು ವಿಷಯ. ಮೂರು ವಿಷಯಕ್ಕೆ ವಿಶೇಷ ಪರಿಣತಿ ಎಂದು ಚೀಟಿ ಅಂಟಿಸುವ ಕಡೆ ಅದು ಅಲಂಕಾರವಷ್ಟೇ. ಬಿಸಿನೆಸ್ ಅನಲಿಟಿಕ್ಸ್ ಎಂಬ ಹೊಸ ಹೆಸರಿನ ಮುಂದೆ ಇನ್ನೂ ಎಚ್ಚರ ಬೇಕು: ಎಸ್‌ಕ್ಯೂಎಲ್ (ದತ್ತಾಂಶ ಭಂಡಾರದಿಂದ ಮಾಹಿತಿ ತೆಗೆಯುವ ಭಾಷೆ), ರಿಗ್ರೆಷನ್ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂದು ಅಳೆಯುವ ವಿಧಾನ), ಒಂದು ಪ್ರೋಗ್ರಾಮಿಂಗ್ ಭಾಷೆ ಕಡ್ಡಾಯವಿದ್ದರೆ ಹೆಸರಿಗೆ ತಕ್ಕ ಪದವಿ, ಎಕ್ಸೆಲ್ ಮತ್ತು ಚಂದದ ಡ್ಯಾಶ್‌ಬೋರ್ಡ್‌ಗೆ ನಿಂತಿದ್ದರೆ ಹಳೆಯ ಬಿ.ಬಿ.ಎ.ಗೆ ಹೊಸ ಅಂಗಿ.

ಅಕೌಂಟಿಂಗ್: ನಿಯಮಗಳ ಶಾಲೆ

ಲೂಕಾ ಪಾಚೋಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಿಗೆ ತಂದ, ಪ್ರತಿ ವ್ಯವಹಾರವನ್ನೂ ಎರಡು ಬದಿಯಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯೇ ಇವತ್ತಿಗೂ ಮೊದಲ ಸೆಮಿಸ್ಟರ್‌ನ ಪಾಠ. ಜರ್ನಲ್, ಲೆಡ್ಜರ್, ತಾಳೆಪಟ್ಟಿ, ಬ್ಯಾಲೆನ್ಸ್ ಶೀಟ್ ಎಂಬ ಈ ದಾರಿಯನ್ನು ಕೈಯಿಂದ ಬರೆದೇ ಕಲಿಯಬೇಕು, ಓದಿ ಕಲಿಯುವಂಥದ್ದಲ್ಲ. ಎರಡೂ ಬದಿ ತಾಳೆಯಾಯಿತು, ಅಂದರೆ ಲೆಕ್ಕ ಸರಿ ಎಂದುಕೊಳ್ಳುವುದು ಹೊಸಬರ ಮೊದಲ ತಪ್ಪು. ಯಂತ್ರದ ರಿಪೇರಿಗೆ ಕೊಟ್ಟ 5,000ವನ್ನು ರಿಪೇರಿ ಖಾತೆಯ ಬದಲು ಯಂತ್ರದ ಖಾತೆಗೇ ಖರ್ಚು ಹಾಕಿದರೂ ತಾಳೆಪಟ್ಟಿ ಕೂಡುತ್ತದೆ. ಆದರೆ ಆ ವರ್ಷದ ಲಾಭ 5,000 ಹೆಚ್ಚು ತೋರಿಸುತ್ತದೆ, ಆಸ್ತಿಯೂ ಅಷ್ಟೇ ಉಬ್ಬಿರುತ್ತದೆ. ಆಡಿಟಿಂಗ್ ತರಗತಿ ಇಂಥದ್ದನ್ನು ಮೂಸಿ ಹಿಡಿಯುವುದನ್ನು ಕಲಿಸುತ್ತದೆ.

ಈ ಪದವಿಯ ಗಣಿತ ಕೂಡು-ಕಳೆ-ಭಾಗಾಕಾರಕ್ಕಿಂತ ಹೆಚ್ಚೇನೂ ಮೇಲೇರುವುದಿಲ್ಲ. ಬೇಕಾಗುವುದು ತಾಳ್ಮೆ ಮತ್ತು ನಿಯಮದ ನೆನಪು. ನಿಯಮಗಳೂ ಊರಿಗೊಂದು. ಅಂತರರಾಷ್ಟ್ರೀಯ ಮಾನದಂಡವಾದ ಐಎಫ್‌ಆರ್‌ಎಸ್ ಪ್ರಕಾರ ಕೊನೆಗೆ ಬಂದ ದಾಸ್ತಾನು ಮೊದಲು ಹೋಯಿತು ಎಂದು ಲೆಕ್ಕ ಹಿಡಿಯುವ ಲಿಫೋ ವಿಧಾನಕ್ಕೆ ಅವಕಾಶವಿಲ್ಲ, ಅಮೆರಿಕದ ಮಾನದಂಡವಾದ ಗ್ಯಾಪ್‌ನಲ್ಲಿ ಇದೆ. ಬೆಲೆ ಏರುವ ಕಾಲದಲ್ಲಿ ಲಿಫೋ ಹಿಡಿದವರ ಲಾಭ ಕಡಿಮೆ ಕಾಣುತ್ತದೆ. ಹಾಗಾಗಿ ನೀವು ಕೆಲಸ ಮಾಡಬೇಕೆಂದಿರುವ ದೇಶದ ಮಾನದಂಡವನ್ನೇ ಕಲಿಸುವ ಪದವಿ ಹಿಡಿಯಿರಿ.

ಅಕೌಂಟಿಂಗ್ ಆರಿಸುವವರು ಪದವಿಗಿಂತ ಮೊದಲು ವೃತ್ತಿಪರ ಪರೀಕ್ಷೆಯ ನಿಯಮ ಓದಬೇಕು, ಇದು ಹಿಂದುಮುಂದಾಗುವುದೇ ಹೆಚ್ಚು. ಬ್ರಿಟನ್ ಮೂಲದ ಲೆಕ್ಕಿಗರ ವೃತ್ತಿಪರ ಸಂಸ್ಥೆ ಎಸಿಸಿಎ ಇದುವರೆಗಿನ ರಚನೆಯಲ್ಲಿ 13 ಪರೀಕ್ಷೆಗಳನ್ನು ಇಟ್ಟು, ಸೂಕ್ತ ಪದವಿ ಪಡೆದವರಿಗೆ ಗರಿಷ್ಠ 9ರವರೆಗೆ ವಿನಾಯಿತಿ ಕೊಡುತ್ತದೆ. ಒಂದೇ ವಿಶ್ವವಿದ್ಯಾಲಯದ ಎರಡು ಪದವಿಗಳಿಗೆ ವಿನಾಯಿತಿ ಬೇರೆಬೇರೆ ಇರಬಹುದು, ನೀವು ಆರಿಸಿದ ಐಚ್ಛಿಕ ವಿಷಯದಿಂದಲೂ ಬದಲಾಗಬಹುದು. ಅಮೆರಿಕದಲ್ಲಿ ಲೆಕ್ಕಿಗರು ಪಡೆಯುವ ಸಿಪಿಎ ಪರವಾನಗಿಗೆ ಬಹುಕಾಲದಿಂದ 150 ಕ್ರೆಡಿಟ್ ಗಂಟೆ ಬೇಕು, ಪದವಿ ಮುಗಿಯುವುದು 120ಕ್ಕೆ. ಇತ್ತೀಚೆಗೆ ಹಲವು ರಾಜ್ಯಗಳು ಹೆಚ್ಚು ಅನುಭವದ ಬದಲಿ ದಾರಿ ತೆರೆದಿವೆ. ಉಳಿದ 30 ಕ್ರೆಡಿಟ್ ಎಲ್ಲಿಂದ ತರುವುದು ಎಂಬುದನ್ನು ಸೇರುವ ದಿನವೇ ಲೆಕ್ಕ ಹಾಕಿಟ್ಟುಕೊಳ್ಳಿ.

ಫೈನಾನ್ಸ್, ಎರಡರ ನಡುವೆ

ಫೈನಾನ್ಸ್ ಹುಟ್ಟಿದ್ದು ಅರ್ಥಶಾಸ್ತ್ರದ ಹೊಟ್ಟೆಯಲ್ಲಿ, ಬಾಳುತ್ತಿರುವುದು ಬಹುಮಟ್ಟಿಗೆ ಬಿಸಿನೆಸ್ ಶಾಲೆಯಲ್ಲಿ. ಮೊದಲ ಪಾಠ ಕಾಲದ ಬೆಲೆ. ಇವತ್ತು 1,000 ಹಾಕಿದರೆ ಮೂರು ವರ್ಷ, ವರ್ಷಕ್ಕೆ 400 ಬರುತ್ತದೆ. ಒಟ್ಟು 1,200, ಲಾಭವೇ ಅಲ್ಲವೇ? ಶೇಕಡಾ 10ರ ದರದಲ್ಲಿ ಆ ಮೂರು ಕಂತುಗಳ ಇವತ್ತಿನ ಬೆಲೆ ಸುಮಾರು 995, ಶೇಕಡಾ 8ರಲ್ಲಿ ಸುಮಾರು 1,031. ಅಂದರೆ ಯೋಜನೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ದರದ ಎರಡು ಅಂಶದ ಮೇಲೆ ನಿಂತಿದೆ. ಮುಂದಿನ ಎರಡು ವರ್ಷ ಕಲಿಯುವುದೆಲ್ಲ ಆ ದರ ಎಲ್ಲಿಂದ ಬರುತ್ತದೆ ಎಂಬುದನ್ನೇ. ಪರೀಕ್ಷೆಯಲ್ಲಿ ಅಂಕ ಹೋಗುವುದು ಎರಡು ಕಡೆ: ಈಗಾಗಲೇ ಖರ್ಚಾಗಿಹೋದ ಸಮೀಕ್ಷೆಯ ಹಣವನ್ನು ಯೋಜನೆಯ ವೆಚ್ಚಕ್ಕೆ ಸೇರಿಸುವುದು, ಸವಕಳಿಯನ್ನು ಕೈಯಿಂದ ಹೋದ ನಗದು ಎಂದು ಕಳೆಯುವುದು. ಸವಕಳಿಯಿಂದ ತೆರಿಗೆ ಉಳಿಯುತ್ತದೆ, ನಗದು ಹೊರಹೋಗುವುದಿಲ್ಲ.

ಹೂಡಿಕೆ, ಅಪಾಯ ನಿರ್ವಹಣೆಯ ಕಡೆ ಹೋಗುವವರಿಗೆ ಅಕೌಂಟಿಂಗ್ ಎರಡು ಸೆಮಿಸ್ಟರ್, ಎಕನಾಮೆಟ್ರಿಕ್ಸ್ ಒಂದಾದರೂ ಇರುವ ಫೈನಾನ್ಸ್ ಪದವಿ ಬೇಕು. ಎರಡನೆಯದು ಇಲ್ಲದ ಪಟ್ಟಿಗಳೇ ಹೆಚ್ಚು. ಆಗ ಗಣಿತ ಗಟ್ಟಿಯಿರುವ ಅರ್ಥಶಾಸ್ತ್ರ ಓದಿ, ಅಕೌಂಟಿಂಗ್ ಮತ್ತು ಕಾರ್ಪೊರೇಟ್ ಫೈನಾನ್ಸ್ ಅನ್ನು ಐಚ್ಛಿಕವಾಗಿ ಸೇರಿಸಿಕೊಳ್ಳುವುದು ವಾಸಿ.

ಜೋಡಿ ಪದವಿಗಳು

ಅರ್ಥಶಾಸ್ತ್ರ ಮತ್ತು ಮ್ಯಾನೇಜ್‌ಮೆಂಟ್, ಅರ್ಥಶಾಸ್ತ್ರ ಮತ್ತು ಗಣಿತ, ತತ್ವಶಾಸ್ತ್ರ-ರಾಜಕೀಯ-ಅರ್ಥಶಾಸ್ತ್ರ ಹೀಗೆ ಜೋಡಿಗಳು ಅನೇಕ. ಗಣಿತದ ಜೋಡಿ ಕಷ್ಟದ್ದು, ಆದರೆ ಯಾವ ಬಾಗಿಲನ್ನೂ ಮುಚ್ಚುವುದಿಲ್ಲ. ಮ್ಯಾನೇಜ್‌ಮೆಂಟಿನ ಜೋಡಿಯಲ್ಲಿ ಸಾಮಾನ್ಯವಾಗಿ ಬಲಿಯಾಗುವುದು ಎಕನಾಮೆಟ್ರಿಕ್ಸ್‌ನ ಎರಡನೇ ಭಾಗ ಮತ್ತು ಅಕೌಂಟಿಂಗ್‌ನ ಮುಂದುವರಿದ ಭಾಗ, ಅಂದರೆ ಎರಡೂ ಬದಿಯ ಉದ್ಯೋಗದಾತರು ಕೇಳುವ ವಿಷಯಗಳೇ. ಮೂರು ವಿಷಯದ ಜೋಡಿಯಲ್ಲಿ ಒಂದನ್ನು ಎರಡನೇ ವರ್ಷದಲ್ಲಿ ಬಿಡಬಹುದೇ ಎಂದು ವಿಚಾರಿಸಿ. ಆಕ್ಸ್‌ಫರ್ಡ್‌ನಲ್ಲಿ ಮೊದಲ ವರ್ಷದ ನಂತರ ಬಿಡಲು ಅವಕಾಶವಿದೆ.

ಸಿಲಬಸ್ ಓದುವ ಬಗೆ

ಹೋಲಿಸುವ ಪದವಿಗಳ ಕಡ್ಡಾಯ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದುಕೊಂಡು ಇವನ್ನು ಗುರುತು ಹಾಕಿ:

1. ಗಣಿತ ಯಾವ ವಿಭಾಗ ಕಲಿಸುತ್ತದೆ? ಬಿಸಿನೆಸ್ ಗಣಿತ ಎಂಬ ವಿಷಯ ಬಡ್ಡಿ, ಶೇಕಡಾ, ಅನುಪಾತಕ್ಕೆ ನಿಂತಿದ್ದರೆ ಬಹಳಷ್ಟು ಸ್ನಾತಕೋತ್ತರ ವಿಭಾಗಗಳು ಅದನ್ನು ಕ್ಯಾಲ್ಕುಲಸ್ ಎಂದು ಒಪ್ಪುವುದಿಲ್ಲ.
2. ಒಂದೊಂದು ವಿಷಯಕ್ಕೂ ಮೊದಲು ಪಾಸಾಗಬೇಕಾದ್ದು ಏನು? ಬಾಣ ಎಳೆದು ನಕ್ಷೆ ಮಾಡಿ. ಉದ್ದನೆಯ ಬಾಣದ ಸಾಲು ಎಷ್ಟು ಸೆಮಿಸ್ಟರ್ ತಿನ್ನುತ್ತದೆಯೋ ಅದೇ ಪದವಿಯ ನಿಜವಾದ ಕನಿಷ್ಠ ಅವಧಿ.
3. ಕಳೆದ ವರ್ಷ ನಿಜವಾಗಿ ನಡೆದ ಐಚ್ಛಿಕ ವಿಷಯಗಳು ಯಾವುವು? ವೇಳಾಪಟ್ಟಿ ಕೇಳಿ ಪಡೆಯಿರಿ.
4. ಅಂಕ ಹಂಚಿಕೆ ಹೇಗೆ? ಕೊನೆಯ ಪರೀಕ್ಷೆಗೇ 100 ಶೇಕಡಾ ಇರುವುದಕ್ಕೂ ವಾರವಾರದ ಲೆಕ್ಕಗಳಿಗೆ 30 ಇರುವುದಕ್ಕೂ ಓದುವ ಕ್ರಮವೇ ಬೇರೆ.

ಕ್ರೆಡಿಟ್‌ಗಳ ಹೋಲಿಕೆಯಲ್ಲಿ ಮೋಸಹೋಗುವುದು ಸುಲಭ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್‌ನಲ್ಲಿ ವರ್ಷಕ್ಕೆ 60, ಮೂರು ವರ್ಷದ ಪದವಿಗೆ 180; ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ. ಬ್ರಿಟನ್ನಿನ ಮೂರು ವರ್ಷದ ಆನರ್ಸ್ ಪದವಿ 360 ಕ್ರೆಡಿಟ್, ಅಂದರೆ ಬ್ರಿಟನ್ನಿನ ಎರಡು ಕ್ರೆಡಿಟ್ ಒಂದು ಇಸಿಟಿಎಸ್‌ಗೆ ಸಮ. ಅಮೆರಿಕದ ನಾಲ್ಕು ವರ್ಷ ಸಾಮಾನ್ಯವಾಗಿ 120. 6 ಇಸಿಟಿಎಸ್‌ನ ಎಕನಾಮೆಟ್ರಿಕ್ಸ್ ಎಂದರೆ ಕನಿಷ್ಠ 150 ಗಂಟೆ. ವಾರಕ್ಕೆ 4 ಗಂಟೆಯಂತೆ 14 ವಾರ ತರಗತಿಯಲ್ಲಿ ಕಳೆಯುವುದು 56. ಉಳಿದ 94 ಗಂಟೆ ನಿಮ್ಮ ಮೇಜಿನ ಮುಂದೆ. ಬ್ರಿಟನ್ನಿನ ಹಲವೆಡೆ ಮೊದಲ ವರ್ಷದ ಅಂಕ ಅಂತಿಮ ದರ್ಜೆಗೆ ಸೇರುವುದಿಲ್ಲ. ಅಮೆರಿಕದಲ್ಲಿ ಮೊದಲ ಸೆಮಿಸ್ಟರ್‌ನಿಂದಲೇ ಎಣಿಕೆ.

ಅಮೆರಿಕದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗೆ ಇನ್ನೊಂದು ಸೂಕ್ಷ್ಮವಿದೆ. ಅಲ್ಲಿ ಪ್ರತಿ ಪದವಿಗೂ ಅದರ ವಿಷಯ ಗುರುತಿಸುವ ಸಂಕೇತ ಸಂಖ್ಯೆ ಇರುತ್ತದೆ. ನಿಮ್ಮ ಪದವಿಗೆ ಸಾಮಾನ್ಯ ಅರ್ಥಶಾಸ್ತ್ರದ ಸಂಕೇತ ಇದೆಯೋ, ಎಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ 45.0603 ಇದೆಯೋ ನೋಡಬೇಕು. ಎರಡನೆಯದು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ. ಪದವಿಯ ನಂತರದ 12 ತಿಂಗಳ ಉದ್ಯೋಗ ಅವಕಾಶಕ್ಕೆ ಇನ್ನೂ 24 ತಿಂಗಳ ವಿಸ್ತರಣೆ ಕೇಳಬಹುದಾದದ್ದು ಆ ಸಂಕೇತದವರು. ಪಾಠ ಹೆಚ್ಚುಕಡಿಮೆ ಒಂದೇ ಆಗಿದ್ದರೂ ಸಂಕೇತ ಬೇರೆ ಇರಬಹುದು.

ಮಾನ್ಯತೆಯ ಮುದ್ರೆಗಳ ವಿಷಯ ಚಿಕ್ಕದು. 1916ರಲ್ಲಿ ಶುರುವಾದ ಎಎಸಿಎಸ್‌ಬಿ ಮತ್ತು ಯುರೋಪಿನ ಇಕ್ವಿಸ್ ಬಿಸಿನೆಸ್ ಶಾಲೆಯನ್ನು ತೂಗುತ್ತವೆ. ಎಎಂಬಿಎ ಮುಖ್ಯವಾಗಿ ಎಂ.ಬಿ.ಎ. ಹಂತದ್ದು, ಪದವಿ ಹಂತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅರ್ಥಶಾಸ್ತ್ರ ವಿಭಾಗ ಕಲಾ ನಿಕಾಯದಲ್ಲಿದ್ದರೆ ಈ ಮುದ್ರೆಗಳಿಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವೇ ಇರದು.

ನಡುವೆ ದಾರಿ ಬದಲಿಸಬೇಕಾದರೆ

ಅರ್ಥಶಾಸ್ತ್ರದಿಂದ ಬಿಸಿನೆಸ್‌ಗೆ ಇಳಿಯುವುದು ಸುಲಭ, ಬಿಸಿನೆಸ್‌ನಿಂದ ಅರ್ಥಶಾಸ್ತ್ರಕ್ಕೆ ಏರುವುದು ಕಷ್ಟ. ಇದು ಬುದ್ಧಿಯ ಮಾತಲ್ಲ, ಸರಪಳಿಯದ್ದು. ಎರಡನೇ ವರ್ಷದ ಕೊನೆಗೆ ಅರ್ಥಶಾಸ್ತ್ರ ಬಿಟ್ಟವರು ಮಾರ್ಕೆಟಿಂಗ್, ಕಾನೂನು, ಕಾರ್ಯಾಚರಣೆಯನ್ನು ಒಂದೇ ವರ್ಷದಲ್ಲಿ ಒಟ್ಟಿಗೆ ತೆಗೆದುಕೊಳ್ಳಬಹುದು. ಬಿಸಿನೆಸ್ ಬಿಟ್ಟವರು ಕ್ಯಾಲ್ಕುಲಸ್, ಮಧ್ಯಮ ಮೈಕ್ರೋ, ಸಂಖ್ಯಾಶಾಸ್ತ್ರ, ಎಕನಾಮೆಟ್ರಿಕ್ಸ್ ಇವನ್ನು ಒಂದಾದ ಮೇಲೆ ಒಂದರಂತೆಯೇ ಮುಗಿಸಬೇಕು. ಅಕೌಂಟಿಂಗ್‌ಗೆ ತಡವಾಗಿ ಹೋಗುವವರಿಗೂ ಮಧ್ಯಮ ಹಂತದ ಲೆಕ್ಕಪತ್ರದ ಎರಡು ಭಾಗ ಮತ್ತು ಆಡಿಟಿಂಗ್ ಸಾಲಾಗಿಯೇ ನಿಂತಿರುತ್ತವೆ.

ಹಾಗಾಗಿ ಇನ್ನೂ ತೀರ್ಮಾನವಾಗದವರು ಮೊದಲ ವರ್ಷದಲ್ಲಿ ನಾಲ್ಕನ್ನು ಬಿಡಬೇಡಿ: ಗಣಿತ ವಿಭಾಗದ ಕ್ಯಾಲ್ಕುಲಸ್, ಸಂಖ್ಯಾಶಾಸ್ತ್ರ, ಮೈಕ್ರೋ, ಆರ್ಥಿಕ ಲೆಕ್ಕಪತ್ರ. ಮೇಲೆ ಹೇಳಿದ ಎಲ್ಲ ಪದವಿಗಳಲ್ಲೂ ಇವು ಕಡ್ಡಾಯವಾಗಿಯೋ ಐಚ್ಛಿಕವಾಗಿಯೋ ಬಹುತೇಕ ಎಣಿಕೆಗೆ ಬರುತ್ತವೆ. ಮುಖ್ಯ ವಿಷಯ ಘೋಷಿಸುವ ಕೊನೆಯ ದಿನಾಂಕ ಮತ್ತು ಅದಕ್ಕೆ ಬೇಕಾದ ಕನಿಷ್ಠ ಸರಾಸರಿ, ಇವೆರಡನ್ನು ಸೇರಿದ ವಾರವೇ ವಿಭಾಗದ ಕಚೇರಿಯಿಂದ ಬರಹದಲ್ಲಿ ಪಡೆದಿಟ್ಟುಕೊಳ್ಳಿ. ಬಿಸಿನೆಸ್ ಶಾಲೆಗಳು ಜಾಗ ಸೀಮಿತವೆಂದು ಒಳಗಿನ ವಿದ್ಯಾರ್ಥಿಗಳಿಗೂ ಸರಾಸರಿಯ ಗೆರೆ ಎಳೆಯುತ್ತವೆ, ಮತ್ತು ಆ ಗೆರೆ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ.